ಬೆಲೆ ಏರಿದೆ, ನಿಮ್ಮ ಕೂಲಿ ಏರಿದೆಯಾ?

ಹಿಕ್ಸ್‌ವಿಲ್‌ನ ಬ್ರಾಡ್‌ವೇ ಮೇಲಿರುವ ಯಾವ ಇಂಡಿಯನ್ ಅಂಗಡಿಗೆ ಹೋದರೂ ಹಳಬರ ಬಾಯಲ್ಲಿ ಒಂದು ಮಾತು ಕೇಳಿಸುತ್ತೆ: "ನಾವು ಬಂದಾಗ ಹೀಗಿರಲಿಲ್ಲ ಕಣ್ರೀ, ಇಷ್ಟೇ ದುಡ್ಡಿಗೆ ಗಾಡಿ ತುಂಬ ಸಾಮಾನು ಬರ್ತಿತ್ತು." ಊರಿಂದ ಫೋನ್ ಬಂದರೆ ಇನ್ನೊಂದು ಮಾತು: "ನಿಮಗೇನಪ್ಪ, ಡಾಲರ್‌ನಲ್ಲಿ ಸಂಪಾದನೆ. ತೊಂಬತ್ತರಿಂದ ಗುಣಿಸಿದರೆ ಎಷ್ಟಾಯ್ತು!"

ಎರಡೂ ಮಾತು ಅರ್ಧ ಮಾತ್ರ ನಿಜ. ಮೊದಲನೆಯವರು ಅಂದಿನ ಬೆಲೆ ಹೇಳ್ತಾರೆ, ಅಂದಿನ ಕೂಲಿ ಹೇಳಲ್ಲ. ಎರಡನೆಯವರು ಇಲ್ಲಿನ ಕೂಲಿ ಹೇಳ್ತಾರೆ, ಇಲ್ಲಿನ ಬಾಡಿಗೆ ಹೇಳಲ್ಲ. ಈ ಅರ್ಧ ಲೆಕ್ಕ ನಂಬಿಕೊಂಡು ವರ್ಷಗಟ್ಟಲೆ ಒಂದೇ ಸಂಬಳಕ್ಕೆ ದುಡಿಯುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಹೋಟೆಲಿನ ಅಡುಗೆಮನೆ, ಪೆಟ್ರೋಲ್ ಬಂಕ್, ದಿನಸಿ ಅಂಗಡಿಯ ಗೋದಾಮು, ಮಗು ನೋಡಿಕೊಳ್ಳುವ ಮನೆ, ಎಲ್ಲ ಕಡೆಯೂ ಇದೇ ಕಥೆ. ಅದಕ್ಕೇ ಈ ಲೇಖನ. ಬೆಲೆ ಹೇಗೆ ಏರುತ್ತಾ ಬಂತು, ನಿಮ್ಮ ಕೂಲಿ ಅದರ ಜೊತೆ ಹೆಜ್ಜೆ ಹಾಕಿದೆಯೋ ಇಲ್ಲವೋ ಎಂದು ನೀವೇ ನೋಡಿಕೊಳ್ಳುವುದು ಹೇಗೆ, ಹಾಕಿಲ್ಲದಿದ್ದರೆ ಏನು ಮಾಡಬಹುದು ಎಂಬುದನ್ನು ಇಲ್ಲಿ ತಿಳಿಸಿದ್ದೇವೆ.

ಡಾಲರ್ ಬೇಡ, ಗಂಟೆ ಲೆಕ್ಕ ಹಾಕಿ

ಒಂದು ವಸ್ತು ಅಗ್ಗವೋ ದುಬಾರಿಯೋ ಅನ್ನೋದು ಅದರ ಮೇಲೆ ಅಂಟಿಸಿದ ಬೆಲೆಯಿಂದ ಗೊತ್ತಾಗಲ್ಲ. ಅದನ್ನು ಕೊಳ್ಳಲು ನೀವು ಎಷ್ಟು ಹೊತ್ತು ದುಡಿಯಬೇಕು ಅನ್ನೋದರಿಂದ ಗೊತ್ತಾಗುತ್ತೆ. ನ್ಯೂಯಾರ್ಕ್ ನಗರದ ಸಬ್‌ವೇ ಟಿಕೆಟ್ಟನ್ನೇ ತಗೊಳ್ಳಿ. ಅಂದಂದಿನ ಕನಿಷ್ಠ ವೇತನದಲ್ಲಿ ಒಂದು ಟಿಕೆಟ್ಟಿಗೆ ಎಷ್ಟು ನಿಮಿಷ ದುಡಿಯಬೇಕಿತ್ತು ನೋಡಿ:

- 1968: ಟಿಕೆಟ್ 20 ಸೆಂಟ್, ಕೂಲಿ ಗಂಟೆಗೆ 1.60 ಡಾಲರ್. ಏಳೂವರೆ ನಿಮಿಷ.
- 1981: ಟಿಕೆಟ್ 75 ಸೆಂಟ್, ಕೂಲಿ 3.35 ಡಾಲರ್. ಸುಮಾರು 13 ನಿಮಿಷ.
- 2003: ಟಿಕೆಟ್ 2 ಡಾಲರ್, ಕೂಲಿ 5.15 ಡಾಲರ್. ಸುಮಾರು 23 ನಿಮಿಷ.
- 2026: ಟಿಕೆಟ್ 3 ಡಾಲರ್, ಕೂಲಿ 17 ಡಾಲರ್. ಹತ್ತೂವರೆ ನಿಮಿಷ.

ಇದನ್ನು ಎರಡು ಸಲ ಓದಿ. ಟಿಕೆಟ್ ದರ ಏರುತ್ತಲೇ ಬಂದಿದೆ, ಇಳಿದಿದ್ದೇ ಇಲ್ಲ. ಆದರೆ ದುಡಿಯುವವನಿಗೆ ಅತಿ ಕಷ್ಟವಾಗಿದ್ದು ಟಿಕೆಟ್ ಅತಿ ದುಬಾರಿಯಾದ ವರ್ಷ ಅಲ್ಲ, ಕೂಲಿ ನಿಂತುಬಿಟ್ಟ ವರ್ಷ. 1997ರಿಂದ 2004ರ ಕೊನೆಯವರೆಗೆ ನ್ಯೂಯಾರ್ಕಿನ ಕೆಲಸಗಾರನಿಗೆ ಕಾನೂನು ಖಾತರಿ ಕೊಡುತ್ತಿದ್ದ ಕೂಲಿ 5.15 ಡಾಲರ್‌ನಲ್ಲೇ ನಿಂತಿತ್ತು. ಬೆಲೆ ಮಾತ್ರ ಯಾರಿಗೂ ಕಾಯಲಿಲ್ಲ. ಆಮೇಲೆ ರಾಜ್ಯ ಸರ್ಕಾರ ಕೂಲಿಯನ್ನು ಹಂತ ಹಂತವಾಗಿ ಏರಿಸಿದ್ದರಿಂದಲೇ ಇವತ್ತು ಹತ್ತೂವರೆ ನಿಮಿಷಕ್ಕೆ ಬಂದು ನಿಂತಿದೆ.

ಬೆಲೆ ಏರೋದು ಯಾಕೆ?

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಪ್ರತಿ ತಿಂಗಳು ಅಕ್ಕಿ, ಹಾಲು, ಬಾಡಿಗೆ, ಪೆಟ್ರೋಲು, ಔಷಧಿ ಹೀಗೆ ನೂರಾರು ವಸ್ತುಗಳ ಬೆಲೆ ಸಂಗ್ರಹಿಸಿ ಗ್ರಾಹಕ ಬೆಲೆ ಸೂಚ್ಯಂಕ ಅಂತ ಪ್ರಕಟಿಸುತ್ತೆ. ಅದರ ಪ್ರಕಾರ 2024ರಲ್ಲಿ ಒಂದಿಷ್ಟು ಸಾಮಾನಿಗೆ 100 ಡಾಲರ್ ಆಗಿದ್ದರೆ, ಅದೇ ಸಾಮಾನಿಗೆ 2000ದಲ್ಲಿ 55 ಡಾಲರ್, 1980ರಲ್ಲಿ 26 ಡಾಲರ್, 1970ರಲ್ಲಿ 12 ಡಾಲರ್ ಸಾಕಾಗುತ್ತಿತ್ತು. ಇವು ಇಡೀ ದೇಶದ ಸರಾಸರಿ. ನಾವಿರುವ ನ್ಯೂಯಾರ್ಕ್, ನ್ಯೂಜೆರ್ಸಿ ಭಾಗಕ್ಕೆ ಬೇರೆಯದೇ ಸೂಚ್ಯಂಕ ಇದೆ.

ಈ ಏರಿಕೆ ಒಂದೇ ವೇಗದಲ್ಲಿ ಆಗಿದ್ದಲ್ಲ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಮತ್ತೆ ಎಣ್ಣೆ ಬೆಲೆ ಹಾರಿತು. ಎಣ್ಣೆ ಏರಿದರೆ ಲಾರಿ ಬಾಡಿಗೆ ಏರುತ್ತೆ, ಲಾರಿ ಬಾಡಿಗೆ ಏರಿದರೆ ಟೊಮೆಟೊ ಏರುತ್ತೆ. 1980ರಲ್ಲಿ ಹಣದುಬ್ಬರ 13.5% ಮುಟ್ಟಿತ್ತು. ಅಂಥದ್ದೇ ಇನ್ನೊಂದು ಏಟು ಬಿದ್ದಿದ್ದು ಕೋವಿಡ್ ನಂತರ. ಸರಕು ಸಾಗಣೆ ಕೆಟ್ಟಿತು, ಉಕ್ರೇನ್ ಯುದ್ಧ ಶುರುವಾಯ್ತು. 2022ರ ಜೂನ್‌ನಲ್ಲಿ ಹಣದುಬ್ಬರ 9.1% ಆಯ್ತು. ನಲವತ್ತು ವರ್ಷಗಳಲ್ಲೇ ಅಷ್ಟು ಏರಿರಲಿಲ್ಲ. ಅದೇ ತಿಂಗಳು ಒಂದು ಗ್ಯಾಲನ್ ಪೆಟ್ರೋಲಿನ ದೇಶದ ಸರಾಸರಿ ಬೆಲೆ ಮೊದಲ ಸಲ 5 ಡಾಲರ್ ದಾಟಿತು.

ನಮ್ಮ ಅನ್ನದ ತಟ್ಟೆಯ ಉದಾಹರಣೆಯೂ ಇದೆ. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿತು. ಸುದ್ದಿ ಬಂದಿದ್ದೇ ತಡ, ಅಮೆರಿಕದ ಇಂಡಿಯನ್ ಅಂಗಡಿಗಳಲ್ಲಿ ಸೋನಾ ಮಸೂರಿ ಚೀಲಕ್ಕೆ ಜನ ಮುಗಿಬಿದ್ದರು. ಒಬ್ಬರಿಗೆ ಒಂದೇ ಚೀಲ ಅಂತ ಬೋರ್ಡು ಹಾಕಿದ ಅಂಗಡಿಗಳೂ ಇದ್ದವು. ಅಂಗಡಿಯಲ್ಲಿ ಹಳೇ ದಾಸ್ತಾನು ಇದ್ದಾಗಲೇ ಬೆಲೆ ಏರಿತ್ತು. 2024ರ ಸೆಪ್ಟೆಂಬರ್‌ನಲ್ಲಿ ನಿಷೇಧ ತೆಗೆದರು. ದೆಹಲಿಯ ಒಂದು ಆದೇಶ ಲಾಂಗ್ ಐಲೆಂಡ್‌ನ ಒಲೆ ಮುಟ್ಟುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಲ್ಲೊಂದು ಮಾತು ಸರಿಯಾಗಿ ತಿಳಿದುಕೊಳ್ಳಿ. ಟಿವಿಯಲ್ಲಿ "ಹಣದುಬ್ಬರ ಇಳಿಯಿತು" ಅಂದರೆ ಬೆಲೆ ಇಳಿಯಿತು ಅಂತ ಅರ್ಥ ಅಲ್ಲ. ಬೆಲೆ ಏರುವ ವೇಗ ಕಡಿಮೆಯಾಯ್ತು ಅಂತ ಅರ್ಥ, ಅಷ್ಟೆ. 2023ರ ಜೂನ್ ಹೊತ್ತಿಗೆ 9.1% ಇದ್ದದ್ದು 3%ಗೆ ಬಂತು. ಅಂದರೆ ಮೊದಲೇ ಏರಿ ಕೂತಿದ್ದ ಬೆಲೆಯ ಮೇಲೆ ಇನ್ನೂ 3% ಏರಿತು. ಹಾಗಾಗಿ "ಈಗ ಎಲ್ಲ ಸರಿ ಹೋಯ್ತಲ್ಲ, ಸಂಬಳ ಯಾಕೆ ಏರಿಸಬೇಕು" ಅಂತ ಯಾರಾದರೂ ಕೇಳಿದರೆ ಆ ಮಾತಿನಲ್ಲಿ ಹುರುಳಿಲ್ಲ.

ಕೆಲವು ಅಗ್ಗ ಆದವು, ಮನೆ ಮಾತ್ರ ಕೈಗೆ ಸಿಗದಷ್ಟು ದೂರ ಹೋಯ್ತು

ಎಲ್ಲವೂ ಒಂದೇ ಸಮ ಏರಲಿಲ್ಲ. 1990ರ ದಶಕದ ಆರಂಭದಲ್ಲಿ ಊರಿಗೆ ಫೋನ್ ಮಾಡಿದರೆ ನಿಮಿಷಕ್ಕೆ ಒಂದು ಡಾಲರಿಗಿಂತ ಹೆಚ್ಚು ಆಗುತ್ತಿತ್ತು. ಆಗ ಕನಿಷ್ಠ ಕೂಲಿ 4.25 ಡಾಲರ್. ಅಮ್ಮನ ಜೊತೆ ಹತ್ತು ನಿಮಿಷ ಮಾತಾಡಿದರೆ ಎರಡು ಗಂಟೆಗೂ ಮೇಲ್ಪಟ್ಟ ದುಡಿಮೆ ಖಾಲಿ. ಈಗ ವಾಟ್ಸಾಪ್‌ನಲ್ಲಿ ಮುಖ ನೋಡಿಕೊಂಡೇ ಮಾತಾಡ್ತೀವಿ. ಬಟ್ಟೆಯ ಸೂಚ್ಯಂಕ 1990ರಿಂದ 2020ರವರೆಗೆ ಏರಲೇ ಇಲ್ಲ ಅನ್ನಬಹುದು. ಅದೇ ಆಸ್ಪತ್ರೆ, ಔಷಧಿ ಖರ್ಚಿನ ಸೂಚ್ಯಂಕ 2000ದಿಂದ 2020ರೊಳಗೆ ಹೆಚ್ಚೂ ಕಡಿಮೆ ಎರಡರಷ್ಟಾಯ್ತು. ಆ ಅವಧಿಯಲ್ಲಿ ಒಟ್ಟು ಬೆಲೆ ಏರಿದ್ದು ಒಂದೂವರೆ ಪಟ್ಟು ಮಾತ್ರ.

ಎಲ್ಲಕ್ಕಿಂತ ಹೆಚ್ಚು ಓಡಿದ್ದು ಮನೆ. ಹಿಕ್ಸ್‌ವಿಲ್‌ಗೆ ಅಂಟಿಕೊಂಡೇ ಇರುವ ಲೆವಿಟ್‌ಟೌನ್ ಅಮೆರಿಕದಲ್ಲೇ ಹೆಸರಾದ ಊರು. 1947ರಲ್ಲಿ ಲೆವಿಟ್ ಕಂಪನಿ ಅಲ್ಲಿ ಆಲೂಗಡ್ಡೆ ಹೊಲಗಳ ಮೇಲೆ ಸಾಲುಸಾಲಾಗಿ ಮನೆ ಕಟ್ಟಲು ಶುರು ಮಾಡಿತು. ಮೊದಲು ತಿಂಗಳಿಗೆ 60 ಡಾಲರ್ ಬಾಡಿಗೆಗೆ ಕೊಟ್ಟರು. 1949ರಲ್ಲಿ 7,990 ಡಾಲರಿಗೆ ಮಾರಿದರು. 1950ರಲ್ಲಿ ಕನಿಷ್ಠ ಕೂಲಿ ಗಂಟೆಗೆ 75 ಸೆಂಟ್. ಅಂದರೆ ಒಂದು ಮನೆಯ ಬೆಲೆ ಸುಮಾರು 10,650 ಗಂಟೆಯ ದುಡಿಮೆ. ವಾರಕ್ಕೆ 40 ಗಂಟೆಯಂತೆ ಐದು ವರ್ಷದ ಕೂಲಿ. ಈಗ ಆ ಬೀದಿಗಳಲ್ಲಿ ಮನೆಗಳು 7 ಲಕ್ಷ ಡಾಲರ್ ಆಸುಪಾಸಿನಲ್ಲಿ ಮಾರಾಟವಾಗುತ್ತವೆ. 17 ಡಾಲರ್ ಕೂಲಿಯಲ್ಲಿ ಅದು 41,000 ಗಂಟೆಗೂ ಹೆಚ್ಚು. ಹತ್ತಿರ ಹತ್ತಿರ ಇಪ್ಪತ್ತು ವರ್ಷದ ಕೂಲಿ, ಅದೂ ಒಂದು ಪೈಸೆ ಟ್ಯಾಕ್ಸ್ ಕಟ್ಟದೆ, ಒಂದು ತುತ್ತು ತಿನ್ನದೆ ಕೂಡಿಟ್ಟರೆ!

ಹಳೆಯ ಕಾಲ ಎಲ್ಲರಿಗೂ ಒಳ್ಳೆಯದಿತ್ತು ಅಂತಲೂ ಅಂದುಕೊಳ್ಳಬೇಡಿ. ಲೆವಿಟ್‌ಟೌನ್‌ನ ಮೊದಲ ಬಾಡಿಗೆ ಕರಾರಿನಲ್ಲೇ ಬಿಳಿಯರಲ್ಲದವರು ವಾಸಿಸುವಂತಿಲ್ಲ ಎಂಬ ಷರತ್ತಿತ್ತು. ನಮ್ಮ ಬಣ್ಣದವರಿಗೆ ಆ 60 ಡಾಲರ್ ಮನೆ ಸಿಗುತ್ತಲೇ ಇರಲಿಲ್ಲ.

ಮನೆ ಬೆಲೆ ಏರಿದರೆ ಬಾಡಿಗೆ ಏರುತ್ತೆ. ಅದಕ್ಕೇ ಒಂದು ಕೋಣೆಯಲ್ಲಿ ಮೂರು ಜನ, ಬೇಸ್‌ಮೆಂಟ್‌ನಲ್ಲಿ ಸಂಸಾರ. ಒಂದು ಕೋಣೆಗೆ 1,000 ಡಾಲರ್ ಕೊಡ್ತೀರಿ ಅಂತಿಟ್ಟುಕೊಳ್ಳಿ. 17 ಡಾಲರ್ ಕೂಲಿಯಲ್ಲಿ ಅದು 59 ಗಂಟೆ. ತಿಂಗಳ ಮೊದಲ ವಾರ ಪೂರ್ತಿ, ಎರಡನೇ ವಾರದ ಅರ್ಧ ನೀವು ದುಡಿಯೋದು ಆ ಗೋಡೆಗಳಿಗಾಗಿ. ಟಿವಿ, ಬಟ್ಟೆ ಅಗ್ಗ ಆದದ್ದು ಕಣ್ಣಿಗೆ ಕಾಣುತ್ತೆ. ಜೇಬು ಖಾಲಿಯಾಗೋದು ಬಾಡಿಗೆಯಲ್ಲಿ.

ಊರಿಗೆ ಕಳಿಸುವ ಹಣ

2000ದಲ್ಲಿ ಒಂದು ಡಾಲರಿಗೆ ಸುಮಾರು 45 ರೂಪಾಯಿ. 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಅಂದು 200 ಡಾಲರ್ ಕಳಿಸಿದರೆ 9,000 ರೂಪಾಯಿ, ಈಗ 18,000. ಎರಡರಷ್ಟಾಯ್ತಲ್ಲ, ಮತ್ತೆ ಮನೆಯವರು ಸಾಲ್ತಿಲ್ಲ ಅನ್ನೋದು ಯಾಕೆ?

ಯಾಕೆಂದರೆ ಅಲ್ಲಿನ ಬೆಲೆ ಎರಡರಷ್ಟಕ್ಕಿಂತ ಬಹಳ ಮುಂದೆ ಹೋಗಿದೆ. 2025ರ ಒಂದೇ ವರ್ಷದಲ್ಲಿ ಕರ್ನಾಟಕದಲ್ಲಿ ಏನೇನಾಯ್ತು ನೋಡಿ. ಜನವರಿಯಲ್ಲಿ ಸರ್ಕಾರಿ ಬಸ್ ದರ 15% ಏರಿತು. ಫೆಬ್ರವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯ್ತು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಚಿನ್ನದ ಕಥೆಯಂತೂ ಬೇರೆಯೇ. 2000ದಲ್ಲಿ 10 ಗ್ರಾಂ ಸುಮಾರು 4,400 ರೂಪಾಯಿ. ನೀವು ಕಳಿಸಿದ 200 ಡಾಲರಿಗೆ 20 ಗ್ರಾಂ ಬರುತ್ತಿತ್ತು. ಈಗ 10 ಗ್ರಾಮಿಗೆ ಲಕ್ಷ ದಾಟಿದೆ, ಅದೇ 200 ಡಾಲರಿಗೆ 2 ಗ್ರಾಮೂ ಬರಲ್ಲ. ತಂಗಿ ಮದುವೆಗೆ, ಮಗಳ ಮದುವೆಗೆ ಅಂತ ದುಡಿಯುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಇದರಲ್ಲಿ ಯಾರ ತಪ್ಪೂ ಇಲ್ಲ. ಅವರೂ ಸುಳ್ಳು ಹೇಳ್ತಿಲ್ಲ, ನೀವೂ ಕೊಸರಾಡ್ತಿಲ್ಲ. ಆದರೆ ಮನೆಯವರ ಜೊತೆ ಮಾತಾಡುವಾಗ ಡಾಲರ್ ಹೇಳಬೇಡಿ, ರೂಪಾಯಿಯೂ ಹೇಳಬೇಡಿ, ಗಂಟೆ ಹೇಳಿ. "ಈ ತಿಂಗಳು ಕಳಿಸಿರೋ 300 ಡಾಲರ್ ಅಂದ್ರೆ ನಾನು 18 ಗಂಟೆ ನಿಂತು ಮಾಡಿರೋ ಕೆಲಸ" ಅಂತ ಹೇಳಿದರೆ ಅಪ್ಪ ಅಮ್ಮನಿಗೆ ತಕ್ಷಣ ಅರ್ಥ ಆಗುತ್ತೆ. ಗದ್ದೆಯಲ್ಲಿ ದುಡಿದವರಿಗೆ ದುಡಿಮೆಯ ಹೊತ್ತು ಗೊತ್ತು.

ಇನ್ನೊಂದು ವಿಷಯ. 2026ರ ಜನವರಿ 1ರಿಂದ ಅಮೆರಿಕದಿಂದ ನಗದು ಅಥವಾ ಮನಿ ಆರ್ಡರ್ ಕೊಟ್ಟು ವಿದೇಶಕ್ಕೆ ಹಣ ಕಳಿಸಿದರೆ 1% ತೆರಿಗೆ ಬೀಳುತ್ತೆ. ಇಲ್ಲಿನ ಬ್ಯಾಂಕ್ ಖಾತೆಯಿಂದ ಅಥವಾ ಇಲ್ಲಿನ ಡೆಬಿಟ್ ಕಾರ್ಡಿನಿಂದ ಕಳಿಸಿದರೆ ಇಲ್ಲ. ಖಾತೆ ಇದ್ದವರು ನಗದು ಹಿಡಿದುಕೊಂಡು ಹೋಗಬೇಡಿ.

ಏರದ ಕೂಲಿ ಅಂದರೆ ಇಳಿದ ಕೂಲಿ

ಈಗ ಮುಖ್ಯ ಮಾತಿಗೆ ಬರೋಣ. 2019ರಲ್ಲಿ ನಿಮಗೆ ಗಂಟೆಗೆ 18 ಡಾಲರ್ ಕೊಡುತ್ತಿದ್ದರು ಅಂತಿಟ್ಟುಕೊಳ್ಳಿ. ಅದೇ ಸಾಮಾನು, ಅದೇ ಬಾಡಿಗೆಗೆ 2024ರಲ್ಲಿ ಸುಮಾರು 22 ಡಾಲರ್ ಬೇಕಿತ್ತು. ಇನ್ನೂ 18 ಡಾಲರೇ ಕೊಡ್ತಿದ್ದರೆ, ಸಂಬಳ ಯಾರೂ ಕಡಿಮೆ ಮಾಡಿಲ್ಲ ಅಂತ ಕಂಡರೂ ಗಂಟೆಗೆ 4 ಡಾಲರ್ ಕಡಿಮೆಯಾಗಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ. ಆದರೆ ಹಾಸಿಗೆಯೇ ವರ್ಷ ವರ್ಷ ಕುಗ್ಗುತ್ತಾ ಹೋದರೆ ಕಾಲು ಎಷ್ಟು ಅಂತ ಮಡಚೋದು?

ಕನಿಷ್ಠ ಕೂಲಿಯ ವಿಷಯದಲ್ಲಿ ಕಾನೂನು ಸ್ಪಷ್ಟ. ಲಾಂಗ್ ಐಲೆಂಡ್‌ನಲ್ಲಿ ಅದು 2021ರ ಡಿಸೆಂಬರ್ 31ಕ್ಕೆ 15 ಡಾಲರ್, 2024ರ ಜನವರಿಗೆ 16, 2025ಕ್ಕೆ 16.50, 2026ರ ಜನವರಿ 1ರಿಂದ 17 ಡಾಲರ್. 2027ರಿಂದ ಪ್ರತಿ ವರ್ಷ ಬೆಲೆ ಸೂಚ್ಯಂಕ ನೋಡಿ ಏರಿಸುತ್ತಾರೆ. ನ್ಯೂಜೆರ್ಸಿಯಲ್ಲಿ ಕೆಲಸ ಮಾಡುವವರಿಗೆ ಅಲ್ಲಿನ ದರ ಬೇರೆ. ಇನ್ನೂ 15 ಡಾಲರಿಗೆ ದುಡಿಯುತ್ತಿದ್ದರೆ ವಾರಕ್ಕೆ 40 ಗಂಟೆಗೆ 80 ಡಾಲರ್, ವರ್ಷಕ್ಕೆ 4,160 ಡಾಲರ್ ನಿಮ್ಮ ಕೈತಪ್ಪುತ್ತಿದೆ.

ವಾರಕ್ಕೆ ಇಷ್ಟು ಅಂತ ಮಾತಾಡಿಕೊಂಡು ಕೆಲಸಕ್ಕೆ ಸೇರಿದವರು ವಿಶೇಷವಾಗಿ ಗಮನಿಸಿ. 40 ಗಂಟೆ ದಾಟಿದ ಪ್ರತಿ ಗಂಟೆಗೂ ಒಂದೂವರೆ ಪಟ್ಟು ಕೂಲಿ ಬರಬೇಕು. ವಾರಕ್ಕೆ 60 ಗಂಟೆ ದುಡಿದರೆ 40 ಗಂಟೆಗೆ 680 ಡಾಲರ್, ಉಳಿದ 20 ಗಂಟೆಗೆ 25.50ರಂತೆ 510 ಡಾಲರ್, ಒಟ್ಟು 1,190. ಕೈಗೆ 900 ಕೊಟ್ಟು "ಒಳ್ಳೆ ಸಂಬಳ" ಅಂದರೆ ಅದು ಒಳ್ಳೆ ಸಂಬಳ ಅಲ್ಲ, ವಾರಕ್ಕೆ 290 ಡಾಲರ್ ಕಡಿಮೆ. ಮಾಲೀಕರ ಮನೆಯಲ್ಲೇ ಉಳಿದು ಮಗು, ಹಿರಿಯರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಈ ಒಂದೂವರೆ ಪಟ್ಟು 44 ಗಂಟೆ ದಾಟಿದ ಮೇಲೆ ಶುರುವಾಗುತ್ತೆ. ನ್ಯೂಯಾರ್ಕ್ ರಾಜ್ಯ 2010ರಲ್ಲೇ ಮನೆಗೆಲಸದವರಿಗಾಗಿ ಪ್ರತ್ಯೇಕ ಕಾನೂನು ಮಾಡಿದೆ. ಹೋಟೆಲ್, ರೆಸ್ಟೋರೆಂಟ್‌ಗಳಲ್ಲಿ ಟಿಪ್ಸ್ ಸಿಗುವ ಕೆಲಸಕ್ಕೆ ಮಾತ್ರ ಮಾಲೀಕರು ನಗದು ಕೂಲಿ ಕಡಿಮೆ ಕೊಡಬಹುದು. ಆದರೆ ಟಿಪ್ಸ್ ಸೇರಿ ಕನಿಷ್ಠ ಕೂಲಿ ತುಂಬಲೇಬೇಕು.

ಈ ಕೂಲಿ ಕಾನೂನು ಕಾಗದಪತ್ರ ಇದ್ದವರಿಗೂ ಇಲ್ಲದವರಿಗೂ ಒಂದೇ. ಕೂಲಿ ಕೇಳಿದ್ದಕ್ಕೆ ಇಮಿಗ್ರೇಶನ್‌ಗೆ ಹೇಳ್ತೀನಿ ಅಂತ ಬೆದರಿಸುವುದು ನ್ಯೂಯಾರ್ಕಿನಲ್ಲಿ ಕಾನೂನುಬಾಹಿರ. ಬಾಕಿ ಕೂಲಿಯನ್ನು ಆರು ವರ್ಷ ಹಿಂದಿನವರೆಗೂ ಕೇಳಬಹುದು.

ಕೇಳೋದು ಹೇಗೆ?

"ಅವರು ನಮ್ಮೂರಿನವರು, ಕಷ್ಟಕಾಲದಲ್ಲಿ ಕೆಲಸ ಕೊಟ್ಟವರು, ಬಾಯಿ ಬಿಟ್ಟು ಹೇಗೆ ಕೇಳೋದು?" ಇದೇ ನಮ್ಮವರ ದೊಡ್ಡ ಸಂಕೋಚ. ಋಣ ಬೇರೆ, ಕೂಲಿ ಬೇರೆ. ಋಣವನ್ನು ಪ್ರಾಮಾಣಿಕ ದುಡಿಮೆಯಲ್ಲಿ ತೀರಿಸಿ, ಕೂಲಿಯನ್ನು ಲೆಕ್ಕ ಹೇಳಿ ಕೇಳಿ. ಜಗಳದ ದನಿ ಬೇಕಿಲ್ಲ. "ಅಣ್ಣಾ, ನಾನು ಬಂದು ಮೂರು ವರ್ಷ ಆಯ್ತು. ಆಗಿನ ಬಾಡಿಗೆ ಇಷ್ಟು, ಈಗ ಇಷ್ಟು. ಈ ಜನವರಿಯಿಂದ ಕಾನೂನಿನ ದರವೇ ಹದಿನೇಳು ಆಗಿದೆ. ನನ್ನದೂ ನೋಡಿ ಏರಿಸಿಕೊಡಿ" ಅಂದರೆ ಸಾಕು. ಇಬ್ಬರು ಮೂವರು ಜೊತೆಗೆ ಹೋಗಿ ಕೇಳಿದರೆ ಇನ್ನೂ ಒಳ್ಳೆಯದು.

ಮಾತಿನಲ್ಲಿ ಮುಗಿಯದಿದ್ದರೆ ನ್ಯೂಯಾರ್ಕ್ ರಾಜ್ಯ ಕಾರ್ಮಿಕ ಇಲಾಖೆಗೆ ಫೋನ್ ಮಾಡಿ: 888-469-7365. ಇಂಗ್ಲಿಷ್ ಬರದಿದ್ದರೆ "ಕನ್ನಡ" ಅಂತ ಹೇಳಿ ದುಭಾಷಿ ಕೇಳಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಖರ್ಚಿನ ಕಡೆ ನಿಮಗಿರುವ ರಕ್ಷಣೆ

- ಬಾಡಿಗೆಗೆ ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. 2019ರ ಕಾನೂನಿನಂತೆ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ.
- ಬಾಡಿಗೆಯನ್ನು 5% ಅಥವಾ ಹೆಚ್ಚು ಏರಿಸಬೇಕಾದರೆ ಮಾಲೀಕರು ಮೊದಲೇ ಬರೆದು ತಿಳಿಸಬೇಕು. ನೀವಿದ್ದು ಒಂದು ವರ್ಷದೊಳಗಾದರೆ 30 ದಿನ, ಎರಡು ವರ್ಷದೊಳಗಾದರೆ 60 ದಿನ, ಅದಕ್ಕೂ ಹೆಚ್ಚಾದರೆ 90 ದಿನ ಮುಂಚೆ.
- ನಗದು ಬಾಡಿಗೆ ಕೊಟ್ಟರೆ ರಸೀದಿ ಕೇಳಿ ತಗೊಳ್ಳಿ. ಅದು ನಿಮ್ಮ ಹಕ್ಕು.
- ಬೇಸ್‌ಮೆಂಟ್ ಅಗ್ಗ ಅಂತ ಹೋಗುವ ಮುಂಚೆ ಬೆಂಕಿ ಬಿದ್ದರೆ ಹೊರಬರಲು ಇನ್ನೊಂದು ದಾರಿ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಎಷ್ಟೇ ಅಗ್ಗ ಇದ್ದರೂ ಬೇಡ.
- 19 ವರ್ಷದೊಳಗಿನ ಮಕ್ಕಳಿಗೆ ಈ ರಾಜ್ಯದಲ್ಲಿ ಚೈಲ್ಡ್ ಹೆಲ್ತ್ ಪ್ಲಸ್ ಎಂಬ ಆರೋಗ್ಯ ವಿಮೆ ಇದೆ. ವಲಸೆ ಕಾಗದ ಇಲ್ಲದ ಮಕ್ಕಳಿಗೂ ಸಿಗುತ್ತೆ.

ನಿಮ್ಮ ಲೆಕ್ಕ, ನಿಮ್ಮ ಪುಸ್ತಕ

ಒಂದು ಸಣ್ಣ ನೋಟ್‌ಪುಸ್ತಕ ಇಟ್ಟುಕೊಳ್ಳಿ. ದಿನಾ ಎಷ್ಟು ಗಂಟೆಗೆ ಕೆಲಸಕ್ಕೆ ಹೋದಿರಿ, ಎಷ್ಟಕ್ಕೆ ಬಂದಿರಿ ಅಂತ ಬರೆಯಿರಿ. ಕೂಲಿ ಬಾಕಿ ಕೇಳುವಾಗ ನಿಮ್ಮ ಕೈಬರಹದ ಲೆಕ್ಕವೂ ಸಾಕ್ಷಿಯಾಗುತ್ತೆ. ಪ್ರತಿ ಜನವರಿಯಲ್ಲಿ ಅದೇ ಪುಸ್ತಕದಲ್ಲಿ ಈ ನಾಲ್ಕು ಸಾಲು ತುಂಬಿ:

1. ಕೈಗೆ ಬರುವ ನನ್ನ ಗಂಟೆ ಕೂಲಿ (ಟ್ಯಾಕ್ಸ್ ಕಳೆದು) ಎಷ್ಟು?
2. ಒಂದು ತಿಂಗಳ ಬಾಡಿಗೆಗೆ ನಾನು ಎಷ್ಟು ಗಂಟೆ ದುಡಿಯಬೇಕು?
3. ಒಂದು ಚೀಲ ಅಕ್ಕಿಗೆ ಎಷ್ಟು ಗಂಟೆ?
4. ಊರಿಗೆ ಕಳಿಸುವ ಹಣಕ್ಕೆ ಎಷ್ಟು ಗಂಟೆ?

ಮುಂದಿನ ಜನವರಿಯಲ್ಲಿ ಮತ್ತೆ ಬರೆದು ಪಕ್ಕಪಕ್ಕ ಇಟ್ಟು ನೋಡಿ. ಗಂಟೆ ಕಡಿಮೆಯಾಗಿದ್ದರೆ ನೀವು ಮುಂದೆ ಹೋಗಿದ್ದೀರಿ. ಅಷ್ಟೇ ಇದ್ದರೆ ನಿಂತಲ್ಲೇ ನಿಂತಿದ್ದೀರಿ. ಹೆಚ್ಚಾಗಿದ್ದರೆ ನಿಮ್ಮ ಕೂಲಿ ಇಳಿದಿದೆ, ಮಾಲೀಕರ ಹತ್ತಿರ ಮಾತಾಡುವ ಹೊತ್ತು ಬಂದಿದೆ. ಹೋಗುವಾಗ ಆ ಪುಸ್ತಕವನ್ನೂ ಜೊತೆಗೆ ತಗೊಂಡು ಹೋಗಿ.